ಎರಡು ಗಾಲಿಯ ಮನೆಗೆ ಟೈರು ಹುಡುಕಿದ್ದು

ಕೆಲವರಿಗೆ ಎಲ್ಲಿಗೆ ಹೊರಟರೂ ಬಸ್ಸು ತಪ್ಪುತ್ತದೆ, ಕೆಲವರಿಗೆ ಚಪ್ಪಲಿ ಕಳೆಯುತ್ತದೆ. ನಮಗೆ ಟೈರು ಸಿಡಿಯುತ್ತದೆ.

ನಾನು ಬೀದರಿನಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತಿದ್ದವನು. ನನ್ನ ಹೆಂಡತಿ ನರ್ಸ್ ಆಗಿದ್ದಳು. ಇಬ್ಬರೂ ನಿವೃತ್ತರಾದ ಮೇಲೆ ಊರು ಸುತ್ತೋಣವೆಂದು, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಒಂದು ಪುಟ್ಟ ಮನೆ ಮಾಡಿಸಿದೆವು. ಎರಡು ಗಾಲಿ, ಎರಡು ಮಂಚ, ಒಂದು ಒಲೆ, ಕಿಟಕಿಗೆ ಪರದೆ. ವೆಲ್ಡಿಂಗ್ ನನ್ನ ಹಳೆಯ ಶಿಷ್ಯನದು. ಗಾಲಿಗೂ ಸ್ಟೆಪ್ನಿಗೂ ಅವನೇ ಎಲ್ಲಿಂದಲೋ ಕಾರಿನ ಹಳೆ ಟೈರು ತಂದು ಹಾಕಿದ್ದ.

ಭಾಲ್ಕಿ ರಸ್ತೆಯ ಅತಿಥಿ

ಮೊದಲ ಪ್ರಯಾಣ ಭಾಲ್ಕಿಗೆ. ಊರು ಇನ್ನೂ ದೂರವಿರುವಾಗಲೇ ಎಡಗಡೆಯ ಟೈರು ಢಂ ಎಂದಿತು. ರಸ್ತೆ ಬದಿ ಮೇಯುತ್ತಿದ್ದ ಕುರಿಗಳೆಲ್ಲ ಬೆದರಿ ತೊಗರಿ ಹೊಲಕ್ಕೆ ನುಗ್ಗಿದವು. ಅವನ್ನೆಲ್ಲ ಹೊರಗೆ ಅಟ್ಟಿಕೊಂಡು, ಕುರಿ ಕಾಯುವ ಅಜ್ಜ ಸಿಟ್ಟಿನಿಂದಲೇ ನಮ್ಮ ಹತ್ತಿರ ಬಂದರು. ನಾನು ಸ್ಟೆಪ್ನಿ ಹಾಕಿದ ಮೇಲೆ ಹೆಂಡತಿ ಅವರನ್ನು ಒಳಗೆ ಕರೆದು, ಮಂಚದ ಮೇಲೆ ಕೂರಿಸಿ, ಚಹಾ ಕೊಟ್ಟಳು. ಅಜ್ಜ ಒಲೆ, ಪರದೆ ಎಲ್ಲ ನೋಡಿ ತಣ್ಣಗಾದರು.

"ಮನಿ ಭಾಳ ಛಲೋ ಅದರಿ," ಎಂದರು. "ಒಂದ ಜಾಗಾದಾಗ ನಿಲ್ಲಸ್ರಿ, ಏನೂ ತ್ರಾಸಿಲ್ಲ."

ಔರಾದಿನ ದಾರಿ

ಎರಡನೆಯ ಸಲ ಔರಾದಿಗೆ, ಹೆಂಡತಿಯ ಅಕ್ಕನ ಮನೆಗೆ. ಈ ಸಲ ಸಿಡಿದದ್ದು ಬಲಗಡೆಯದು. ಹರಿದ ರಬ್ಬರು ಬೀಸಿ ಹೊಡೆದು ಗಾಡಿಯ ತಳದ ತಗಡಿಗೆ ತೂತು ಬಿತ್ತು. ಗಾಡಿ ಓಲಾಡಿ, ಜೀಪನ್ನೂ ಎಳೆದುಕೊಂಡು, ರಸ್ತೆಯಂಚಿಗೆ ಹೋಗಿ ನಿಂತಿತು. ನನಗೆ ಸ್ಟೇರಿಂಗ್ ಬಿಡಲು ಕೈ ಬರಲಿಲ್ಲ. ಹೆಂಡತಿ ಇಳಿದು ತೂತು ನೋಡಿ ಬಂದಳು.

"ಛಲೋ ಟೈರ್ ಹಾಕ್ಸೋ ತನಕ ನಾ ಬರಂಗಿಲ್ಲರಿ," ಎಂದಳು. "ಮೂವತ್ತು ವರ್ಷ ಮಂದಿ ಕೈಕಾಲಿಗಿ ಪಟ್ಟಿ ಕಟ್ಟೀನಿ. ಈಗ ರಿಟೈರ್ ಆಗೀನಿ, ನಿಮಗ ಕಟ್ಟಂಗಿಲ್ಲ."

ಹುಟ್ಟಿದ ತಾರೀಖು

ಯಾರದೋ ಟೈರು ಎರವಲು ಹಾಕಿಕೊಂಡು ಬೀದರಿಗೆ ಮರಳಿ, ಒಂದು ಟೈರು ಅಂಗಡಿಗೆ ಹೋದೆವು. ಅಂಗಡಿಯ ಚಾಚಾ, ಸಿಡಿಯದೆ ಉಳಿದಿದ್ದ ಸ್ಟೆಪ್ನಿಯ ಬದಿಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದರು.

"ಇದು ಇದರ ಹುಟ್ಟಿದ ತಾರೀಖು ಸರ್. ಮೊದಲಿನ ಎರಡು ಅಂಕಿ ವಾರ, ಆಮ್ಯಾಲಿನ ಎರಡು ಅಂಕಿ ವರ್ಷ. ಹನ್ನೊಂದು ವರ್ಷದ ಟೈರ್ ಇದು."

"ನೋಡಲಾಕ ಹೊಸಾದರಂಗ ಅದಲ್ಲರಿ?" ಎಂದೆ.

"ಮ್ಯಾಲ ನೋಡಿ ವಯಸ್ಸು ಹೇಳಲಾಕ ಬರಂಗಿಲ್ಲ ಸರ್. ಒಳಗ ಮುದಿ ಆಗಿರ್ತದ."

"ಖರೆ ಅದರಿ," ಎಂದಳು ಹೆಂಡತಿ. "ಇವರೂ ತಲಿಗಿ ಬಣ್ಣ ಹಚ್ತಾರ."

ಕಾಟಾದ ಮೇಲೆ

ಈಗ ನಮ್ಮ ಗಾಡಿಗೆ ಭಾರ ಹೊರುವ ಗಟ್ಟಿ ಟೈರುಗಳಿವೆ. ಹೊರಡುವ ದಿನ ಮುಂಜಾನೆ, ಟೈರು ತಣ್ಣಗಿರುವಾಗಲೇ ಹವಾ ನೋಡುತ್ತೇನೆ. ಔರಾದಿಗೆ ಹೋಗಿ ಬಂದಿದ್ದೇವೆ. ಹೆಂಡತಿ ಜೀಪಿನಲ್ಲಿ ನಿದ್ದೆಯನ್ನೂ ಮಾಡಿದ್ದಾಳೆ. ಆದರೆ ಆ ಟೈರು ಕೊಡುವ ಮೊದಲು ಚಾಚಾ ಗಾಡಿಯ ತೂಕ ಕೇಳಿದ್ದರು.

"ಎಂಟುನೂರು ಕಿಲೋ ಇರಬಹುದು," ಎಂದೆ.

"ನೀವು ಇರಬಹುದು ಅಂದ್ರ, ನಾನೂ ಟೈರ್ ತಡೀಬಹುದು ಅಂತೇನಿ. ಸಾಮಾನು ತುಂಬ್ಕೊಂಡು ಹೋಗಿ ಕಾಟಾ ಮಾಡಸ್ಕೊಂಡು ಬರ್ರಿ."

ಗಂಜ್ ಮಾರುಕಟ್ಟೆಯಲ್ಲಿ ಲಾರಿ ತೂಗುವ ಕಾಟಾದಲ್ಲಿ, ತೊಗರಿ ಲಾರಿಗಳ ನಡುವೆ ನಿಂತು ಗಾಡಿ ತೂಗಿಸಿದೆವು. ಹನ್ನೆರಡು ನೂರು ಕಿಲೋ ದಾಟಿತ್ತು. ನಾನು ಹೆಂಡತಿಯ ಕಡೆ ತಿರುಗಿದೆ. "ಜ್ವಾಳದ ಹಿಟ್ಟು, ಅಕ್ಕಗಂತ ಹಿತ್ತಾಳಿ ಹಂಡೆ, ಇಷ್ಟೆಲ್ಲಾ ಯಾಕ ಬೇಕು?"

ಅವಳು ತನ್ನದೆಲ್ಲ ಇಳಿಸಿದಳು. ಮತ್ತೆ ತೂಗಿದರೆ ಮೂವತ್ತು ಕಿಲೋ ಕಡಿಮೆಯಾಗಿತ್ತು, ಅಷ್ಟೇ. ಆಗ ಅವಳು ಮಂಚದ ಕೆಳಗಿದ್ದ ನನ್ನ ಕಬ್ಬಿಣದ ಟ್ರಂಕಿನ ಕಡೆ ಬೆರಳು ಮಾಡಿದಳು. ಅದನ್ನು ಇಳಿಸಲು ನಾಲ್ವರು ಹಮಾಲರು ಬೇಕಾದರು.

"ಏನದರಿ ಇದರಾಗ?" ಎಂದ ಒಬ್ಬ ಹಮಾಲ, ಸೊಂಟ ಹಿಡಿದುಕೊಂಡು.

ಹೆಂಡತಿ ಹೇಳಿದಳು: "ಜಾಕು, ಪಾನಾ, ಸುತ್ತಿಗಿ. ಟೈರ್ ಸಿಡಿದ್ರ ಬೇಕಾಗ್ತಾವಂತ ಇಟ್ಕೊಂಡಾರ."

ಹಮಾಲ ಟ್ರಂಕನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಇದನ್ನ ಇಟ್ಕೊಂಡ ಮ್ಯಾಲ ಬೇಕಾಗೇ ಆಗ್ತಾವಲ್ಲರಿ."