ಹೊತ್ತಿಗೆ ಸರಿಯಾಗಿ ಬಂದ ಹಡಗು

ನಮ್ಮ ದ್ವೀಪದಲ್ಲಿ ನನ್ನ ಮಾತನ್ನು ಎಲ್ಲರೂ ನಂಬುತ್ತಾರೆ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಹಡಗುಕಟ್ಟೆಯ ಬೋರ್ಡಿನ ಮೇಲೆ ಹಡಗು ಬರುವ ಹೊತ್ತನ್ನು ಬರೆಯುವ ಗುಮಾಸ್ತ ನಾನು. ಗಾಳಿ, ಮಂಜು, ಎಂಜಿನ್ನಿನ ಕೆಮ್ಮು, ಕಪ್ತಾನನ ನಿದ್ದೆ, ಎಲ್ಲವನ್ನೂ ಕೂಡಿ ಕಳೆದು ಬರೆಯಬೇಕು. ಬರೆದು ಒರೆಸಿ, ಒರೆಸಿ ಬರೆದು ಸಾಕಾಗಿ, ಕೊನೆಗೆ ‘ಇಂದು ಹಡಗು ತಡ’ ಎಂದು ಪೇಂಟಿನಲ್ಲೇ ಬರೆಸಿಬಿಟ್ಟೆ. (ಸೀಮೆಸುಣ್ಣ ಉಳಿಸಿದ್ದಕ್ಕೆ ಮೇಲಧಿಕಾರಿಗಳು ಬೆನ್ನು ತಟ್ಟಿದ್ದೂ ಉಂಟು.) ಅಂದಿನಿಂದ ಊರಿನವರು ನೆಮ್ಮದಿಯಾಗಿ ಮಧ್ಯಾಹ್ನದ ಊಟ ಮುಗಿಸಿಯೇ ಹಡಗುಕಟ್ಟೆಗೆ ಬರುತ್ತಿದ್ದರು.

ಆ ದಿನ ನಾನೇ ಪ್ರಯಾಣಿಕ. ಮರುದಿನ ಆಚೆ ದಡದ ಪಟ್ಟಣದಲ್ಲಿ ಮಗಳಿಗೆ ನರ್ಸಿಂಗ್ ಕಾಲೇಜಿನ ಸಂದರ್ಶನ. ತಪ್ಪಿದರೆ ಅವಳ ಒಂದು ವರ್ಷ ಮಣ್ಣುಪಾಲು. ಅವಳನ್ನು ಕರೆದೊಯ್ಯುವ ಭಾರ ನನ್ನದು. ಬೆಳಗಾಗುತ್ತಲೇ ಹೆಂಡತಿ ಹೊರಡಿ ಹೊರಡಿ ಎಂದು ಪ್ರಾಣ ತಿನ್ನತೊಡಗಿದಳು. ನಾನು ಸಮುದ್ರಶಾಸ್ತ್ರದ ಬಗ್ಗೆ ಒಂದು ಉಪನ್ಯಾಸವನ್ನೇ ಕೊಟ್ಟೆ.

“ನೀವು ತಡ ಅಂತೀರಲ್ಲ, ಅದಕ್ಕೇ ನಂಗೆ ಭಯ,” ಎಂದಳು ಅವಳು. “ಮದುವೆ ಆದಾಗಿಂದ ನೀವು ಹೇಳಿದ್ದು ಯಾವುದು ನಡೆದಿದೆ?”

ಹೀಗೆಂದು ಮಗಳನ್ನೂ ಚೀಲವನ್ನೂ ಎಳೆದುಕೊಂಡು ನಡೆದೇಬಿಟ್ಟಳು. ಬಿಸಿಲಲ್ಲಿ ಕಾದು ಬುದ್ಧಿ ಬರಲಿ ಎಂದುಕೊಂಡು ನಾನು ಕೆನ್ನೆಗೆ ಸೋಪು ಹಚ್ಚಿಕೊಂಡು ಕ್ಷೌರಕ್ಕೆ ಕುಳಿತೆ.

ಅರ್ಧ ಕೆನ್ನೆ ಆಗಿತ್ತು, ಹಡಗು ಕೂಗಿತು. ಸೋಪಿನ ಮುಖದಲ್ಲೇ ಹೊರಗೆ ಓಡಿದೆ. ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತ್ತು. ನೀಲಿ ನೀರನ್ನು ಸೀಳಿಕೊಂಡು, ವೇಳಾಪಟ್ಟಿಯ ಹೊತ್ತಿಗೆ ಸರಿಯಾಗಿ, ಬೆಳ್ಳಗೆ ಹೊಳೆಯುತ್ತಾ ಹಡಗು ಬರುತ್ತಿತ್ತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬ್ರೆಡ್ ಅಂಗಡಿಯ ಅಜ್ಜಿ ಕಣ್ಣೊರೆಸಿಕೊಂಡಳು. ನಿಜ ಹೇಳುತ್ತೇನೆ, ನನಗೂ ಮೈ ಜುಮ್ಮೆಂದಿತು. ಅಷ್ಟು ಚೆಂದದ ನೋಟವನ್ನು ನನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಓಡಿ ಹತ್ತಬೇಕೆಂದು ಯಾರಿಗೂ ತೋಚಲಿಲ್ಲ.

“ಇದು ನಿನ್ನೆಯ ಹಡಗಿರಬೇಕು,” ಎಂದ ಪಕ್ಕದ ಮನೆಯ ದರ್ಜಿ.

ಎಲ್ಲರೂ ನನ್ನ ಮುಖ ನೋಡಿದರು. ಸರ್ಕಾರಿ ಗತ್ತಿನಲ್ಲಿ ನಾನು ಹೌದೆಂದೆ. ಇಂದಿನದು ತಡವೆಂದೂ ಸೇರಿಸಿದೆ. ಜನ ಮತ್ತೆ ಬಾಯಿ ತೆರೆದುಕೊಂಡು ನಿಂತರು.

ಹಡಗು ಬಂದಷ್ಟೇ ಠೀವಿಯಿಂದ ತಿರುಗಿತು. ಖಾಲಿ ಹಡಗಿನ ಮೇಲೆ ಎರಡೇ ತಲೆಗಳು. ಒಂದು, ಕೈ ಬೀಸಿ ಕುಣಿಯುತ್ತಿದ್ದ ನನ್ನ ಮಗಳದು. ಇನ್ನೊಂದು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದೆಯ ಭಾರ ಇಳಿಯಿತು. ಮಗಳ ವರ್ಷ ಉಳಿಯಿತು. ಆ ಹೆಂಗಸಿನ ಮುಂದೆ ಸಮುದ್ರವೇ ಕೈಕಟ್ಟಿ ನಿಂತಂತೆ ಕಂಡಿತು.

ಜನರಿಗೆ ಈಗ ವಿಷಯ ಅರ್ಥವಾಗತೊಡಗಿತು. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಯಾರೂ ಬೈಯಲಿಲ್ಲ. ದರ್ಜಿ ಹತ್ತಿರ ಬಂದು, ಬಹಳ ಮರ್ಯಾದೆಯಿಂದ ಕೇಳಿದ:

“ಅಕ್ಕ ವಾಪಸ್ ಯಾವಾಗ ಬರ್ತಾರೆ? ಮುಂದಿನ ಹಡಗು ಎಷ್ಟೊತ್ತಿಗೆ ಅಂತ ಅವರನ್ನ ಕೇಳ್ಬೇಕಿತ್ತು.”