ಅರಗಿನ ಮುದ್ರೆ ಬಿದ್ದ ಮದುವೆ ಸೂಟು

ಕಾನೂನಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಗ್ರಾಹಕರ ಕಾಯ್ದೆ ಹೊಸದಾಗಿ ಬಂದಿದ್ದ ಕಾಲದಲ್ಲಿ, ತುಮಕೂರಿನಲ್ಲಿ ನಡೆದ ಒಂದು ದಿನದ ಕಾನೂನು ಅರಿವು ಶಿಬಿರದಲ್ಲಿ ಬೆಳಗಿನ ಉಪ್ಪಿಟ್ಟಿನಿಂದ ಹಿಡಿದು ಸಂಜೆಯ ವಂದನಾರ್ಪಣೆಯವರೆಗೆ ಕದಲದೆ ಕೂತವನು ನಾನು. ಮಧ್ಯಾಹ್ನ ಊಟವಾದ ಮೇಲೆ ಒಂದಷ್ಟು ತೂಕಡಿಸಿದ್ದು ನಿಜ. ಆ ಹೊತ್ತಿನಲ್ಲಿ 'ಗ್ರಾಹಕನ ಕರ್ತವ್ಯಗಳು' ಎಂಬ ಭಾಗ ಮುಗಿದುಹೋಯಿತಂತೆ. ಹಕ್ಕುಗಳ ಭಾಗಕ್ಕೆ ಎಚ್ಚರವಾಗಿದ್ದೆನಲ್ಲ, ಅಷ್ಟು ಸಾಕಿತ್ತು.

ಶಿಬಿರದಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ವೆಂಕಟರಮಣಸ್ವಾಮಿಯ ಪಟದ ಪಕ್ಕದಲ್ಲಿ ತೂಗುಹಾಕಿದೆ. ಮಾರನೆಯ ದಿನವೇ ಕಚೇರಿಯಲ್ಲಿ ನಮ್ಮ ಸಾಹೇಬರಿಗೆ, "ಸಂಜೆ ಐದೂವರೆ ಆದ ಮೇಲೆ ನೌಕರನನ್ನ ಕೂರಿಸ್ಕೊಳ್ಳೋ ಹಾಗಿಲ್ಲ ಸಾರ್" ಎಂದೆ. ಅವರು ಬಹಳ ಸಂತೋಷಪಟ್ಟು, "ಹಾಗೇ ಆಗ್ಲಿ. ಬೆಳಿಗ್ಗೆ ಹತ್ತಕ್ಕೆ ಬಂದುಬಿಡಿ ಮತ್ತೆ" ಎಂದರು. ಅಲ್ಲಿಗೆ ಕಚೇರಿಯ ಹಕ್ಕುಗಳನ್ನು ಕೈಬಿಟ್ಟೆ. ಮನೆ ಓನರನ್ನು ಬಾಡಿಗೆಗೆ ರಸೀದಿ ಕೇಳಿದೆ. ರಸೀದಿ ಕೊಟ್ಟರು, ಜೊತೆಗೆ ನಾವು ಯಾವಾಗಲೋ ತಂದಿಟ್ಟುಕೊಂಡಿದ್ದ ಅವರ ಬಾವಿ ಹಗ್ಗವನ್ನು ವಾಪಸ್ ಕೇಳಿದರು. ಬಾಡಿಗೆದಾರನ ಹಕ್ಕುಗಳೂ ಅಲ್ಲಿಗೆ ಮುಗಿದವು. ಉಳಿದದ್ದು ಗ್ರಾಹಕನ ಹಕ್ಕು ಒಂದೇ. ಅದನ್ನು ಯಾರ ಮೇಲೆ ಪ್ರಯೋಗಿಸಲಿ ಎಂದು ಕಾಯುತ್ತಿದ್ದಾಗ ನನ್ನ ತಂಗಿ ಸರೋಜಳಿಗೆ ಮದುವೆ ಗೊತ್ತಾಯಿತು.

ಹುಡುಗ ರಾಮಚಂದ್ರ, ಕುಣಿಗಲ್ಲಿನಲ್ಲಿ ಹೈಸ್ಕೂಲು ಮೇಷ್ಟ್ರು. ಹುಡುಗಿ ನೋಡಲು ಬಂದಾಗ ನಮ್ಮ ಮನೆ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ, ಅಷ್ಟು ಎತ್ತರ. ಬಲು ಸಾಧು. ಸಾಧುವಲ್ಲದವರು ಅವನ ಸೋದರಮಾವ, ಹುತ್ರಿದುರ್ಗದ ಬೋರೇಗೌಡರು. ಅವರು ನಿಶ್ಚಿತಾರ್ಥದ ದಿನ ಎಲೆಯಡಿಕೆ ಮಡಿಸುತ್ತಾ ಹೇಳಿದರು:

"ನಾವು ಏನೂ ಕೇಳಾಕಿಲ್ಲ. ಹುಡುಗಂಗೆ ಒಂದ್ ಸೂಟ್ ಒಲಿಸ್ಕೊಟ್ಬುಡಿ. ಆರತಕ್ಷತೇಲಿ ಅವ್ನು ಹೊಸಾ ಸೂಟ್‌ನಾಗೇ ನಿಂತ್ಕಬೇಕು. ಇಲ್ದಿದ್ರೆ ನಾನಂತೂ ಚೌಲ್ಟ್ರಿ ಒಳಕ್ಕೆ ಕಾಲಿಕ್ಕಾಕಿಲ್ಲ."

ಅಪ್ಪ ಇಲ್ಲದ ಹುಡುಗಿ ನಮ್ಮ ಸರೋಜ. ಬೀಗರ ಮುಂದೆ ಅವಳ ತಲೆ ತಗ್ಗಬಾರದು ಎಂಬುದು ನನ್ನ ಜೀವದ ಆಸೆ. "ಸೂಟಿನ ಯೋಚ್ನೆ ನನಗೆ ಬಿಡಿ ಗೌಡ್ರೇ" ಎಂದು ಎದೆ ತಟ್ಟಿಕೊಂಡೆ.

ಹುಡುಗ ಕುಣಿಗಲ್ಲಿನಿಂದ ಅಳತೆ ಕೊಡಲು ಬರುವುದೇಕೆ ಎಂದು, ಅವನು ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ನೀಲಿ ಕೋಟು, ಪ್ಯಾಂಟನ್ನು ಅಳತೆಗೆ ತರಿಸಿಕೊಂಡೆ. ಅದೇ ಸಮಯಕ್ಕೆ ನನ್ನ ಹೆಂಡತಿ ಜಯಮ್ಮ ಟ್ರಂಕಿನ ತಳದಿಂದ ನನ್ನ ಮದುವೆಯ ಸೂಟನ್ನೂ ಹೊರತೆಗೆದಳು. ಅದೂ ನೀಲಿಯೇ. ನಾನು ಅದರ ಮುಖ ನೋಡಿ ವರ್ಷಗಳೇ ಆಗಿದ್ದವು. ಮದುವೆಯಾದಾಗ ನಾನು ಕಡ್ಡಿ ಪೈಲ್ವಾನ್. ಆಮೇಲೆ ಜಯಮ್ಮನ ಕೈ ಅಡುಗೆ ತಿಂದು ತಿಂದು ಹೊಟ್ಟೆ ತನ್ನ ದಾರಿ ತಾನು ನೋಡಿಕೊಂಡಿತ್ತು. ಕೋಟನ್ನು ಸಡಿಲ ಮಾಡಿಸಿದರೆ ಹೆಣ್ಣಿನ ಅಣ್ಣನೂ ಕೋಟಿನಲ್ಲೇ ನಿಲ್ಲಬಹುದಲ್ಲ ಎಂಬುದು ಅವಳ ಲೆಕ್ಕಾಚಾರ.

"ನೋಡಿ, ಬ್ಯಾಗಲ್ಲಿ ಮೇಲಿರೋದು ನಿಮ್ದು, ಸಡಿಲ ಮಾಡಕ್ಕೆ. ಕೆಳಗಿರೋದು ಹುಡುಗನ್ದು, ಅಳತೆಗೆ. ಅದಲು ಬದಲು ಮಾಡ್ಬೇಡಿ" ಎಂದಳು.

"ನಾನೇನು ಮಗೂನೇನೇ?"

ಟೈಲರ್ ಪಾಂಡುರಾಯರ ಅಂಗಡಿ ನಮ್ಮ ಮನೆಯ ಎದುರಿಗೇ, ರಸ್ತೆಯ ಆ ಕಡೆ. ರಸ್ತೆ ದಾಟುವಾಗ ಲಾರಿಯೊಂದು ಹಾರನ್ ಹೊಡೆಯಿತು, ನಾನು ಹಾರಿದೆ, ಬ್ಯಾಗಿನ ಹಿಡಿ ಕಿತ್ತುಬಂತು. ಬಟ್ಟೆಯೆಲ್ಲ ರಸ್ತೆಯ ಪಾಲು. ಬಾಚಿಕೊಂಡು, ಧೂಳು ಕೊಡವಿ, ಮತ್ತೆ ತುರುಕಿಕೊಂಡು ಗಂಭೀರವಾಗಿ ಅಂಗಡಿ ಮೆಟ್ಟಿಲು ಹತ್ತಿದೆ.

"ಮೇಲಿರೋದು ನಂದು, ಸಡಿಲ ಮಾಡಿ. ಕೆಳಗಿರೋದು ಹುಡುಗನ್ದು, ಅಳತೆಗೆ" ಎಂದೆ. ಪಾಂಡುರಾಯರು ನನ್ನ ಹೊಟ್ಟೆಗೆ ಟೇಪು ಸುತ್ತಿ ಬರೆದುಕೊಂಡರು. ಆಮೇಲೆ ಮೇಲಿದ್ದ ಕೋಟನ್ನು ಎತ್ತಿ ನೋಡಿ, "ಸಾರ್, ಇದು ನಿಮ್ದಾ? ವಸಿ ಉದ್ದ ಕಾಣ್ತದಲ್ಲ. ಅಳತೆಗೆ ಕೊಟ್ಟಿರೋದು ನೋಡಿದ್ರೆ ಗಿಡ್ಡ ಐತೆ. ಹುಡುಗ ಅಷ್ಟು ಕುಳ್ಳನಾ?" ಎಂದರು.

ಹುಡುಗನನ್ನು ಕುಳ್ಳ ಎನ್ನುವುದೆ? ನನಗೆ ರೇಗಿತು. "ಗ್ರಾಹಕ ಹೇಳಿದ ಮೇಲೆ ಮುಗೀತು ರಾಯರೇ. ಅಳತೆ ಕೊಟ್ಟಿದೀನಿ, ಅದರ ಪ್ರಕಾರ ಹೊಲೀರಿ" ಎಂದೆ. ಅವರು ತಲೆ ಅಲ್ಲಾಡಿಸಿ ಕತ್ತರಿ ಕೈಗೆತ್ತಿಕೊಂಡರು.

ಮದುವೆಗೆ ವಾರ ಇದ್ದಾಗ ಬಟ್ಟೆ ಸಿದ್ಧವಾಯಿತು. ಅಳತೆಗೆ ಕೊಟ್ಟದ್ದನ್ನು ಅಂಗಡಿಯಲ್ಲೇ ಮರೆತು, ಉಳಿದದ್ದನ್ನು ಮನೆಗೆ ತಂದು ಹೊಸ ಸೂಟು ಬಿಡಿಸಿದೆವು. ಸರೋಜ ಕೋಟನ್ನು ಎತ್ತಿ ಹಿಡಿದು, ಬಾಗಿಲಿನ ಕಡೆ ನೋಡಿ, ಮತ್ತೆ ಕೋಟನ್ನು ನೋಡಿ, "ಅಣ್ಣಯ್ಯ, ಇದು ಅವ್ರಿಗೆ ಎಲ್ಲಿ ಆಗತ್ತೆ?" ಎಂದಳು. ಅವಳ ದನಿ ಸಣ್ಣಗಾಗಿತ್ತು.

ಸಡಿಲ ಮಾಡಿಸಿದ ನನ್ನ ಕೋಟನ್ನು ಹಾಕಿಕೊಂಡೆ. ಹೊಟ್ಟೆಯ ಹತ್ತಿರ ಸರಿಯಾಗಿತ್ತು, ಆದರೆ ತೋಳಿನೊಳಗೆ ನನ್ನ ಕೈಗಳೇ ಮಾಯವಾಗಿದ್ದವು. ಜಯಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ನಿಮ್ಮ ಕೋಟೇನ್ರೀ? ನಿಮ್ದಕ್ಕೆ ಇಂಥ ಗುಂಡಿ ಇರ್ಲಿಲ್ಲ" ಎಂದಳು.

"ನೋಡಿದ್ಯಾ? ಗುಂಡೀನೂ ಬದಲಾಯಿಸಿದಾನೆ!"

ಮೂರು ಅಪರಾಧಗಳು ಸಿದ್ಧವಾದವು. ಹೊಸ ಸೂಟನ್ನು ಗಿಡ್ಡ ಮಾಡಿದ್ದು, ಹಳೆ ಕೋಟನ್ನು ಉದ್ದ ಮಾಡಿದ್ದು, ಗುಂಡಿ ಅಪಹರಣ. "ಹೋಗಿ ಬಾಯಲ್ಲಿ ಹೇಳ್ಬಾರ್ದೇ? ಎದುರಿಗೇ ಇದಾರಲ್ಲ" ಎಂದಳು ಜಯಮ್ಮ. ಬಾಯಲ್ಲಿ ಹೇಳುವುದಕ್ಕೆ ಶಿಬಿರಕ್ಕೆ ಯಾಕೆ ಹೋಗಬೇಕಿತ್ತು? ಹೊಸ ಸೂಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, "ಇದು ಇನ್ನು ಇಲ್ಲೇ ಇರಲಿ, ಇದು ಸಾಕ್ಷಿ" ಎಂದು ಮೇಜಿನ ಮೇಲಿಟ್ಟು ಬಂದೆ. ಆಮೇಲೆ ಕೂತು, 'ಸೇವಾ ನ್ಯೂನತೆ' ಎಂದೂ 'ಸದರಿ ಗ್ರಾಹಕನಿಗೆ ಉಂಟಾದ ಮಾನಸಿಕ ಯಾತನೆ' ಎಂದೂ ತುಂಬಿಸಿ ನೋಟೀಸು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಅದು ದೊಡ್ಡ ಅಂಚೆ ಕಚೇರಿಗೆ ಹೋಗಿ, ಊರೆಲ್ಲ ಸುತ್ತಿ, ನಮ್ಮ ಮನೆಯ ಎದುರಿಗೆ ಬಂತು. ಪೋಸ್ಟ್‌ಮ್ಯಾನ್ ರಾಯರ ಸಹಿ ಹಾಕಿಸಿಕೊಳ್ಳುವುದನ್ನು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡಿದೆ. ಆ ಕಾಫಿಯಷ್ಟು ರುಚಿಯಾದ ಕಾಫಿ ನಾನು ಮತ್ತೆ ಕುಡಿದಿಲ್ಲ.

ರಾಯರು ಹೆದರಿಹೋದರು. ಅವರ ಭಾಮೈದ ಗುಬ್ಬಿ ಕೋರ್ಟಿನಲ್ಲಿ ಜವಾನ. ನೋಟೀಸು ಹಿಡಿದುಕೊಂಡು ಅವನ ಹತ್ತಿರ ಓಡಿದರು. ಸಂಜೆ ನಾನು ಅಂಗಡಿಗೆ ಹೋದಾಗ ನನ್ನ ಹೊಸ ಸೂಟು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ ಹಾಕಿಸಿಕೊಂಡು ಮೊಳೆಗೆ ನೇತಾಡುತ್ತಿತ್ತು.

"ಇದೇನು ರಾಯರೇ? ಬೇಗ ಸರಿ ಮಾಡ್ಕೊಡಿ, ಮದುವೆ ಹತ್ರ ಬಂತು."

"ಎಲ್ಲಾದ್ರೂ ಉಂಟಾ ಸಾರ್? ಕೇಸ್ ಆಗಿರೋ ಮಾಲು. ಕತ್ರಿ ಇಕ್ಕಿದ್ರೆ ಸಾಕ್ಷಿ ನಾಶ ಅಂತ ಒಳಗಾಕ್ತಾರಂತೆ. ನಮ್ಮ ಭಾಮೈದ ಹೇಳವ್ನೆ. ಕೋರ್ಟಿಂದ ಹೇಳೋಗಂಟ ನಾನು ಬೆರಳೂ ಇಕ್ಕಾಕಿಲ್ಲ."

ಕಾನೂನು ಹೀಗೆ ಎರಡೂ ಕಡೆ ಹರಿತವಾಗಿರುತ್ತದೆ ಎಂದು ಶಿಬಿರದಲ್ಲಿ ಹೇಳಿರಲಿಲ್ಲ. ಅಥವಾ ಊಟದ ಮೇಲೆ ಹೇಳಿರಬೇಕು.

ಮಾರನೆಯ ದಿನ, 'ಕೊನೇ ಸಲ ಒಮ್ಮೆ ಹಾಕಿ ನೋಡೋಣ' ಎಂದು ನಾನು ಮೊದಲೇ ಹೇಳಿಕಳಿಸಿದ್ದ ಪ್ರಕಾರ ರಾಮಚಂದ್ರ ಕುಣಿಗಲ್ ಬಸ್ಸಿಳಿದು ನೇರವಾಗಿ ಅಂಗಡಿಗೆ ಬಂದ. ನಾನು ಅಲ್ಲೇ ಇದ್ದೆ. ಉದ್ದ ತೋಳಿನ ಕೋಟನ್ನು ತೊಟ್ಟುಕೊಂಡು, ಅಂಗಡಿಯ ಮುಂದೆ ಸೇರಿದ ಜನಕ್ಕೆ ಕೈ ಎತ್ತಿ ಎತ್ತಿ ಗ್ರಾಹಕನ ಹಕ್ಕು ವಿವರಿಸುತ್ತಿದ್ದೆ. ಕೈ ಕಾಣುತ್ತಿರಲಿಲ್ಲ, ತೋಳು ಮಾತ್ರ ಹಾರಾಡುತ್ತಿತ್ತು. ರಾಮಚಂದ್ರ ಸ್ವಲ್ಪ ಹೊತ್ತು ನಿಂತು ನೋಡಿ, ಬಹಳ ಸಂಕೋಚದಿಂದ ಕೇಳಿದ:

"ಭಾವ, ನನ್ನ ಕೋಟು ನೀವ್ಯಾಕೆ ಹಾಕ್ಕೊಂಡಿದೀರಿ?"

ನನ್ನ ಕಿವಿಯಲ್ಲಿ ಆವತ್ತಿನ ಲಾರಿ ಹಾರನ್ ಹೊಡೆದ ಹಾಗಾಯಿತು. ಬ್ಯಾಗು, ಹಿಡಿ, ಧೂಳು, ಎಲ್ಲ ಸಾಲಾಗಿ ನೆನಪಾದವು. ಹುಡುಗನ ಕೋಟನ್ನು ನನ್ನ ಹೊಟ್ಟೆಯ ಅಳತೆಗೆ ಸಡಿಲ ಮಾಡಿಸಿದ್ದೆ; ನಾನು ಕಡ್ಡಿಯಾಗಿದ್ದ ಕಾಲದ ಅಳತೆಗೆ ಹುಡುಗನ ಸೂಟು ಹೊಲಿಗೆಯಾಗಿತ್ತು. ಪಾಂಡುರಾಯರು ಒಂದು ದಾರದಷ್ಟೂ ತಪ್ಪಿರಲಿಲ್ಲ.

"ಆವತ್ತೇ ಕೇಳಿದ್ನಲ್ಲ ಸಾರ್" ಎಂದರು ರಾಯರು.

"ತಪ್ಪಾಯ್ತು ರಾಯರೇ. ನೋಟೀಸು ವಾಪಸ್ ತಗೊಂಡೆ. ಆ ಮುದ್ರೆ ಒಡೀರಿ."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್. ರಿಜಿಸ್ಟರ್‌ನಾಗೆ ಬಂದಿದ್ದು, ರಿಜಿಸ್ಟರ್‌ನಾಗೇ ವಾಪಸ್ ಹೋಗ್ಬೇಕು. ನಮ್ಮ ಭಾಮೈದ…"

ಎದುರಿಗೆ ನಿಂತವರಿಗೆ ನಾನು ಮತ್ತೊಂದು ರಿಜಿಸ್ಟರ್ಡ್ ಕಾಗದ ಹಾಕಿದೆ. ಅದು ಮತ್ತೆ ಊರು ಸುತ್ತಿತು. ಮಾರನೆಯ ದಿನ ಪೋಸ್ಟ್‌ಮ್ಯಾನನ ಸೈಕಲ್ಲಿನ ಹಿಂದೆ ಬೀದಿ ಬೀದಿ ನಡೆದೆ. "ಎದುರಂಗಡಿಗೆ ಕಾಗದ ಬರೆಯೋವಂಥ ದ್ವೇಷ ಏನ್ ಸ್ವಾಮಿ ನಿಮ್ಗೆ?" ಎಂದ ಅವನು.

ಅಂತೂ ಮುದ್ರೆ ಒಡೆಯಿತು. ರಾಯರು ಸೂಟನ್ನು ತಿರುಗಿಸಿ ಮುರುಗಿಸಿ ನೋಡಿ, "ದೊಡ್ಡದಾಗಿದ್ರೆ ಚಿಕ್ಕದು ಮಾಡ್ಬೋದಿತ್ತು. ಚಿಕ್ಕದನ್ನ ದೊಡ್ಡದು ಮಾಡಕ್ಕೆ ಬಟ್ಟೆ ಎಲ್ಲಿಂದ ತರ್ಲಿ? ಹೊಸದು ಒಲಿಯಕ್ಕೆ ದಿನ ಇಲ್ಲ" ಎಂದರು. ಸರೋಜ ನನ್ನನ್ನು ಬೈಯಲಿಲ್ಲ. ಸುಮ್ಮನೆ ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಡೆಗೆ ದಾರಿ ತೋರಿಸಿದವನು ರಾಮಚಂದ್ರನೇ. "ನನ್ನ ಹಳೇ ಕೋಟನ್ನೇ ಮತ್ತೆ ಹಿಡಿಸ್ಕೊಡಿ ಭಾವ. ಸರೋಜಂಗೆ ಬೇಜಾರು ಮಾಡ್ಬೇಡಿ. ಮಾವಂಗೆ ನಾನೇನೂ ಹೇಳಲ್ಲ" ಎಂದ. ರಾಯರು ಮನಸ್ಸು ಕರಗಿ, ಸಡಿಲ ಮಾಡಿದ್ದನ್ನು ಬಿಗಿ ಮಾಡಿ, ಹೊಸ ಸೂಟಿನ ಹೊಳೆಯುವ ಗುಂಡಿಗಳನ್ನು ಅದಕ್ಕೆ ಹಾಕಿ, ಕಾದ ಇಸ್ತ್ರಿ ಉಜ್ಜಿ ಉಜ್ಜಿ ಕೊಟ್ಟರು.

ಗುಬ್ಬಿಯ ಚೌಲ್ಟ್ರಿಯಲ್ಲಿ ಆರತಕ್ಷತೆ. ಬೋರೇಗೌಡರು ವೇದಿಕೆ ಹತ್ತಿ ಅಳಿಯನ ಕೋಟಿನ ಅಂಚನ್ನು ಬೆರಳಲ್ಲಿ ಹಿಡಿದು ತಿಕ್ಕಿದರು. ಸರೋಜ ಹಾರವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಟ್ಟೆ ಅಂದ್ರೆ ಇದು ಕಣ್ರೋ!" ಎಂದರು ಗೌಡರು ಎಲ್ಲರಿಗೂ ಕೇಳುವಂತೆ. "ಇವ್ನು ಕಾಲೇಜ್‌ನಾಗೆ ಒಂದ್ ಕೋಟ್ ಇಕ್ಕೋತಿದ್ದ. ಥೂ, ಗೋಣಿತಾಟು."

ರಾಮಚಂದ್ರ ನನ್ನ ಕಡೆ ನೋಡಲಿಲ್ಲ. ಸರೋಜ ನೋಡಿದಳು, ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಕ್ಕದ್ದು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಮಾರನೆಯ ದಿನ ಊಟದ ಪಂಕ್ತಿಯಲ್ಲಿ ಪಾಂಡುರಾಯರನ್ನು ಮೊದಲ ಎಲೆಗೆ ಕೂರಿಸಿ ನಾನೇ ಬಡಿಸಿದೆ. ಹೋಳಿಗೆ ಹಾಕಿದಷ್ಟೂ ಅವರು ಕೈ ಅಡ್ಡ ಹಿಡಿಯಲಿಲ್ಲ. "ಸಾಕಾ ರಾಯರೇ?" ಎಂದೆ.

"ಇನ್ನೊಂದ್ ಹಾಕಿ ಸಾರ್. ಮಾನಸಿಕ ಯಾತನೆ ಇನ್ನೂ ಕಮ್ಮಿ ಆಗಿಲ್ಲ."

ಹೊಸ ಸೂಟು ಗುಂಡಿ ಇಲ್ಲದೆ ನಮ್ಮ ಮನೆಯ ಬೀರುವಿನಲ್ಲೇ ಉಳಿಯಿತು. ಬಟ್ಟೆ ಒಳ್ಳೆಯದು, ಹೊಲಿಗೆಯಲ್ಲಿ ಒಂದು ಕುಂದಿಲ್ಲ. ಆಮೇಲೊಂದು ದಿನ, ಹೇಗಿದ್ದರೂ ನನ್ನ ಅಳತೆಯದೇ ಅಲ್ಲವೇ ಎಂದು ಅದನ್ನು ಏರಿಸಲು ಹೋಗಿ, ಒಂದು ತೋಳಿನಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನಿಂತಿದ್ದೆ. ಜಯಮ್ಮ ಬಂದು, ನನ್ನನ್ನೂ ಗೋಡೆಯ ಮೇಲಿನ ಪ್ರಮಾಣಪತ್ರವನ್ನೂ ಒಮ್ಮೆ ನೋಡಿ, ತೋಳು ಎಳೆದು ಬಿಡಿಸುತ್ತಾ ಹೇಳಿದಳು:

"ಹಾಕ್ಕೊಳ್ಳೋ ಹಕ್ಕೇನೋ ನಿಮಗಿದೆ ಕಣ್ರೀ. ಹೊಟ್ಟೆ ಒಪ್ತಿಲ್ಲ, ಅಷ್ಟೆ."