ಪುಕ್ಕಟೆ ಪುಸ್ತಕದ ಸಗಟು ಖರೀದಿ

ಊರೊಳಗೆ ಜಾಣ ವ್ಯಾಪಾರಿ ಅನ್ನಿಸಿಕೊಂಡವನಿಗೆ ಒಂದು ಕಾಟ ಇದ್ದೇ ಇರುತ್ತದೆ. ಯಾರೂ ಮೋಸ ಮಾಡದಿದ್ದರೆ ಅವನು ತಾನೇ ಖುದ್ದಾಗಿ ಮೋಸ ಹೋಗುತ್ತಾನೆ. ನನಗೆ ಆ ಅನುಕೂಲವನ್ನು ಇಂಟರ್ನೆಟ್ ಒದಗಿಸಿತು.

೧. ಪಗಾರದವನ ಪೈಪೋಟಿ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದು ಕಾಲೇಜು ಪುಸ್ತಕದ ಅಂಗಡಿ. ಆ ಸಲ ಇಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್, ಮೆಕ್ಯಾನಿಕ್ಸ್ ಪುಸ್ತಕಗಳನ್ನು ಅಟ್ಟದ ತೊಲೆ ಮುಟ್ಟುವಷ್ಟು ತರಿಸಿದ್ದೆ. ವಾಪಸ್ ಕಳಿಸುವ ಕರಾರಿರಲಿಲ್ಲ. ಮಾರಬೇಕು, ಇಲ್ಲವೇ ರದ್ದಿಗೆ ಹಾಕಬೇಕು.

ಖಾನಾಪುರದಿಂದ ದಿನಾ ರೈಲಿಗೆ ಬರುವ ಒಬ್ಬ ಹುಡುಗಿ ಫಿಸಿಕ್ಸ್ ಪುಸ್ತಕ ತಿರುವಿ ನೋಡಿ ಕೆಳಗಿಟ್ಟಳು.

“ಬ್ಯಾಡ್ರಿ ಕಾಕಾ. ಇಂಥಾದ್ದ ಒಂದು ಇಂಟರ್ನೆಟ್‌ನ್ಯಾಗ ಪುಕ್ಕಟೆ ಐತಂತ. ನಮ್ಮ ಸರ್ ಹೇಳ್ಯಾರ.”

“ಪುಕ್ಕಟೆ ಕೊಡಾಂವ ಹೊಟ್ಟಿಗೇನ್ ತಿಂತಾನವಾ?”

“ಅಂವ ಪ್ರೊಫೆಸರ್ ಅದಾನ್ರಿ. ಪಗಾರ ಬರತೈತಿ.”

ಎದುರಂಗಡಿಯವರ ಜೊತೆ ಹೊಡೆದಾಡುವುದನ್ನು ನಮ್ಮಪ್ಪ ಕಲಿಸಿದ್ದ. ಪಗಾರ ತಗೊಂಡು ಪುಕ್ಕಟೆ ಹಂಚುವವನ ವಿಷಯ ಪಾಪ ಅವನಿಗೂ ಗೊತ್ತಿರಲಿಲ್ಲ.

೨. ಓದಾಕಲ್ಲ, ಇಡಾಕ

ಹೊಸ ಅಂಗಡಿ ಬಂದರೆ ಗಿರಾಕಿಯಂತೆ ಹೋಗಿ ನೋಡಿ ಬರುವುದು ನಮ್ಮ ಪೇಟೆಯ ಪದ್ಧತಿ. ಗುರುತು ಸಿಗಬಾರದೆಂದು ಟೋಪಿ ತೆಗೆದಿಟ್ಟು ಸೈಬರ್ ಕೆಫೆಗೆ ಹೋದೆ. ಅದನ್ನು ನಡೆಸುತ್ತಿದ್ದ ಹೆಣ್ಣುಮಗಳನ್ನು ಎಲ್ಲರೂ ಬಾಯಾರು ಅನ್ನುತ್ತಿದ್ದರು; ಅವರೇ ಪುಸ್ತಕ ಹುಡುಕಿ ತೋರಿಸಿದರು. ಒಂದು ಪಾಠ ತೆರೆಯುವುದರೊಳಗೆ ನನ್ನದು ಎರಡು ಚಹಾ ಮುಗಿದವು. ಆದರೂ ಹೆದರಿಕೆ ಹೋಗಲಿಲ್ಲ. ಎದುರಾಳಿಯ ಮಾಲು ಸೋವಿ ಇದ್ದರೆ ಪೂರಾ ಎತ್ತಿ ಗೋದಾಮಿಗೆ ಹಾಕಿಬಿಡುವುದು ನಮ್ಮ ಹಳೇ ಉಪಾಯ.

“ಬಾಯಾರ, ಇದನ್ನ ಪೂರಾ ನಾ ತಗೊಂತೀನಿ. ಒಂದ್ ಪಾಠಾನೂ ಬಿಡಬ್ಯಾಡ್ರಿ.”

“ಈ ವಯಸ್ಸಿನ್ಯಾಗ ಇಷ್ಟೆಲ್ಲಾ ಓದ್ತೀರೇನ್ರಿ?”

“ಓದಾಕಲ್ರಿ, ಇಡಾಕ.”

ಮೂರು ದಿನ ಅಲ್ಲೇ ಕುಳಿತು, ಪಾಠಕ್ಕೊಂದರಂತೆ ಫ್ಲಾಪಿಗೆ ಹಾಕಿಸಿಕೊಂಡೆ. ಹೊರಡುವಾಗ ಬಾಯಾರು ಎದ್ದು ನಿಂತು ಕೈಮುಗಿದರು. ನನ್ನ ವಿದ್ಯಾಪ್ರೇಮಕ್ಕೆ ಅಂದುಕೊಂಡೆ.

೩. ಖಾನಾಪುರದ ಗೋದಾಮು

ಮಾಲು ಬೆಳಗಾವಿಯಲ್ಲಿ ಇರುವುದು ಬೇಡವೆಂದು ಖಾನಾಪುರದ ಬೀಗರ ಅಕ್ಕಿ ಗೋದಾಮಿಗೆ ಒಯ್ದೆ. ಬೀಗರು ಒಂದು ಫ್ಲಾಪಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಇದರಾಗ ಏನೈತ್ರಿ?”

“ಫಿಸಿಕ್ಸ್.”

“ನುಸಿ ಹಿಡೀತೈತೇನ್ರಿ?”

“ಹೊಸಾ ನಮೂನಿ ಮಾಲು, ಹೇಳಾಕ ಬರೂದಿಲ್ರಿ.”

ಬೀಗರು ಅನುಭವಸ್ಥರು. ಒಂದೊಂದು ಫ್ಲಾಪಿಯ ನಡುವೆಯೂ ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟರು.

೪. ಪುಣ್ಯಾತ್ಮ

ವಾರ ಬಿಟ್ಟು ಅದೇ ಹುಡುಗಿ ಬಂದಳು. ನಾನು ಫಿಸಿಕ್ಸ್ ಪುಸ್ತಕದ ಧೂಳು ಒರೆಸಿ ಮುಂದಿಟ್ಟೆ.

“ತಗೋವಾ. ಆ ಪುಕ್ಕಟೇದು ಈಗ ಸಿಗೂದಿಲ್ಲ.”

“ಯಾರ್ ಹೇಳ್ಯಾರ್ರಿ ಕಾಕಾ? ಮೊದಲ ಒಂದ್ ಪಾಠಕ್ಕ ಅರ್ಧಾ ತಾಸು ಕಾಯಬೇಕಿತ್ತು. ಈಗ ಮುಟ್ಟಿದ ಕೂಡ್ಲೆ ತೆರೀತೈತಿ. ಯಾರೋ ಪುಣ್ಯಾತ್ಮರು ಮೂರ್ ದಿನ ಕುಂತು, ತಾವ ರೊಕ್ಕಾ ಕೊಟ್ಟು, ಪೂರಾ ಪುಸ್ತಕ ಕೆಫೆದ ಕಂಪ್ಯೂಟರ್‌ನ್ಯಾಗ ಇಳಿಸಿ ಹೋಗ್ಯಾರಂತ. ಅವರು ಒಯ್ದದ್ದು ಬರೇ ನಕಲಂತ್ರಿ. ನಮ್ಮ ಕ್ಲಾಸಿಗೆ ಕ್ಲಾಸ ಅಲ್ಲಿ ಪಾಳಿ ಹಚ್ಚಿ ನಿಂತೈತಿ!”

ಬಾಯಾರು ಯಾಕೆ ಕೈಮುಗಿದರೆಂದು ಆಗ ತಿಳಿಯಿತು. ಗಲ್ಲಾಪೆಟ್ಟಿಗೆಯನ್ನು ಹಿಡಿದುಕೊಂಡು ಕುಳಿತೆ.

“ಆ ಪುಣ್ಯಾತ್ಮ ನನಗ ಗುರ್ತಿನಾಂವ ಅದಾನವಾ. ಏನರ ಹೇಳೂದೈತೇನು?”

ಹುಡುಗಿಯ ಮುಖ ಅರಳಿತು.

“ಹೂಂ ರೀ ಕಾಕಾ. ಮೆಕ್ಯಾನಿಕ್ಸ್ ಒಂದ ಉಳದೈತಿ. ಅದನ್ನೂ ಇಳಿಸಿ ಕೊಡ್ರಿ ಅಂತ ಹೇಳ್ರಿ.”